ಎಡಗಡೆಯ ಮೂರನೇ ಒಲೆ

ನಮ್ಮೂರಲ್ಲಿ ಬರೆದು ಅಳಿಸಿದ್ದು ಹಾಳಾಗಿ ಹೋಗುವುದಿಲ್ಲ, ಮೂರನೇ ಮನೆಗೆ ಹೋಗುತ್ತದೆ. ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು ಎಡಗೈ ಕಡೆಗೆ ಎಣಿಸಿದರೆ ಮೂರನೆಯದು. ಆ ಮನೆಯ ಅಡುಗೆಮನೆಯ ಗೋಡೆಯ ಮೇಲೆ ಮೊದಲು ತೇವದ ಕಲೆ ಕಾಣಿಸುತ್ತದೆ, ಒಣಗುತ್ತ ಒಣಗುತ್ತ ಕಪ್ಪಾಗುತ್ತದೆ, ಆಮೇಲೆ ಅಕ್ಷರವಾಗಿ ನಿಲ್ಲುತ್ತದೆ. ಒರೆಸಿದರೂ ಅಷ್ಟೇ, ಹರಿದು ಬೆಂಕಿಗೆ ಹಾಕಿದರೂ ಅಷ್ಟೇ. ಶಾಲೆಯ ಎಡಕ್ಕೆ ಮೂರನೆಯದು ಕ್ಷೌರದ ಸಿದ್ದಲಿಂಗಪ್ಪನ ಮನೆ. ಕರಿಹಲಗೆಯಿಂದ ಒರೆಸಿದ್ದೆಲ್ಲ ಮೂವತ್ತು ವರ್ಷದಿಂದ ಅವನ ಗೋಡೆಗೆ ಬರುತ್ತಿದೆ. ಅವನ ಹೆಂಡತಿ ಈಗ ಮೇಷ್ಟರು ಭಿನ್ನರಾಶಿಯಲ್ಲಿ ತಪ್ಪು ಮಾಡಿದರೆ ಮಾರನೆಯ ದಿನ ದಾರಿಯಲ್ಲಿ ಅಡ್ಡ ಹಾಕಿ ಕೇಳುತ್ತಾಳೆ.

ಬಂದದ್ದನ್ನು ಒರೆಸುವಂತಿಲ್ಲ. ಒರೆಸಿದರೆ ಅದು ಅಲ್ಲಿಂದ ಮತ್ತೆ ಮೂರನೇ ಮನೆಗೆ ಹೊರಡುತ್ತದೆ. ಓದಿಯಾದ ಮೇಲೆ ಸುಣ್ಣ ಬಳಿಯಬಹುದು, ಅದು ಮುಚ್ಚಿದ ಹಾಗೆಯೇ ಹೊರತು ಅಳಿಸಿದ ಹಾಗಲ್ಲ. ಹೀಗೆ ಸುಣ್ಣದ ಮೇಲೆ ಸುಣ್ಣ ಕೂತು ನಮ್ಮ ಹಳೇ ಮನೆಗಳ ಅಡುಗೆಮನೆಗಳು ವರ್ಷ ವರ್ಷವೂ ಇಕ್ಕಟ್ಟಾಗುತ್ತ ಬಂದಿವೆ. ನಮ್ಮ ಹೆಂಗಸರು ಮೈ ಬಂತೆಂದು ಕೊರಗುವುದರಲ್ಲಿ ಅರ್ಧ ತಪ್ಪು ಗೋಡೆಯದು. ದೊಡ್ಡದೇನನ್ನಾದರೂ ಅಳಿಸುವ ಮುಂಚೆ ಎಲೆ ಅಡಿಕೆ, ಒಂದು ಪೊಟ್ಟಣ ಸುಣ್ಣದ ಪುಡಿ ಹಿಡಿದು ಆ ಮನೆಗೆ ಹೋಗಿ ಗೋಡೆ ಕೇಳುವುದು ಪದ್ಧತಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕಂಪ್ಯೂಟರ್ ಬಂದ ಹೊಸದರಲ್ಲಿ ಇದಕ್ಕೆಲ್ಲ ಗೋಡೆ ಯಾಕೆ ಎಂದುಕೊಂಡ ಒಬ್ಬ ಲೆಕ್ಚರರ್ ತನ್ನ ಹಳೇ ಪ್ರೇಮಪತ್ರಗಳನ್ನು ಕೇಳದೆ ಅಳಿಸಿದ. ಎಡಕ್ಕೆ ಮೂರನೆಯದು ಅವನ ಭಾವೀ ಮಾವನ ಮನೆಯಾಗಿತ್ತು. ಆ ಮದುವೆ ಅಲ್ಲಿಗೇ ನಿಂತಿತು.

ನಾನು ಪಂಕಜಾಕ್ಷಿ. ಊರಿಗೆಲ್ಲ ಪಂಕಜಕ್ಕ. ಮುಂಚೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ, ಈಗ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುತ್ತೇನೆ. ವೃದ್ಧಾಪ್ಯ ವೇತನ, ಬೀದಿದೀಪ, ಪಕ್ಕದವನ ತೆಂಗಿನಮರ ನಮ್ಮ ಹೆಂಚಿನ ಮೇಲೆ ಬಾಗಿದೆ ಎಂಬ ದೂರು, ಹೀಗೆ ಹನ್ನೊಂದು ವರ್ಷದ ಅಳಲು ಆ ಡಬ್ಬಿಯಲ್ಲಿತ್ತು. ಎಡಕ್ಕೆ ಮೂರನೇ ಮನೆಗೆ ನಾನು ಮೊನ್ನೆ ಮೊನ್ನೆಯವರೆಗೆ ಏನನ್ನೂ ಕಳಿಸಿದವಳಲ್ಲ. ಪಂಕಜಕ್ಕ ಬಹಳ ಅಚ್ಚುಕಟ್ಟು, ಗೋಡೆಗೆ ತೊಂದರೆ ಕೊಡುವವಳಲ್ಲ ಎಂದು ಜನ ಹೊಗಳುತ್ತಿದ್ದರು. ನಾನೂ ಹೊಗಳಿಸಿಕೊಳ್ಳುತ್ತಿದ್ದೆ.

ಹೋದ ವರ್ಷದಿಂದ ಅದು ನಿಧಾನವಾಗತೊಡಗಿತು. ಬೆಳಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಪೂಜೆ ಮುಗಿಸಿ ತಿಂಡಿ ತಿಂದು ಬರುವ ಹೊತ್ತಿಗೆ ನೀಲಿ ಪರದೆ ಬರುತ್ತಿತ್ತು. ಆಮೇಲೆ ಅದೂ ಇಲ್ಲ, ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ಒಂದಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಏನು ಬರೆಯುತ್ತಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಜಗಲಿಯಲ್ಲಿ ಕಾಯುವವರು ಆಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ಕೊನೆಗೆ ಎದ್ದು ಹೋಗುತ್ತಿದ್ದರು. ಒಬ್ಬ ಮುದುಕಪ್ಪನ ಅರ್ಜಿ ಕಡೇ ದಿನ ಮೀರಿತು. ಅವನೇನೂ ಬೈಯಲಿಲ್ಲ, ಇರಲಿ ಬಿಡಮ್ಮ ಎಂದ. ನನಗೆ ತಲೆ ಎತ್ತಲಾಗಲಿಲ್ಲ.

ಇಮ್ತಿಯಾಜ್ ಸಾಹೇಬರನ್ನು ಕರೆಸಿದೆ. ಊರಿನ ಕಂಪ್ಯೂಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲದಕ್ಕೂ ಅವರೇ ವೈದ್ಯರು. ಕಿವಿಯನ್ನು ಡಬ್ಬಿಗೆ ಹಚ್ಚಿ ಕೇಳಿದರು. ನಾನೂ ಕೇಳಿದೆ. ಒಳಗೆ ಯಾರೋ ಹಲ್ಲು ಕಡಿಯುತ್ತಿರುವಂಥ ಸದ್ದು.

"ಮೇಡಮ್, ಇದು ಫೈಲಿನ ಭಾರ ಅಲ್ಲ. ಡಿಸ್ಕೇ ಹೋಗ್ತಾ ಇದೆ. ಒಂದು ಸಲ ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಎಲ್ಲ ಹಾಕಿದ್ರೆ ಇನ್ನೆರಡು ವರ್ಷ ಎಳೆಯುತ್ತೆ."

"ಮಾಡದೇ ಹೋದರೆ?"

"ಇವತ್ತೋ ನಾಳೆನೋ ತಾನಾಗೇ ನಿಲ್ಲುತ್ತೆ. ನಿಂತ ದಿನ ಒಳಗಿರೋದೆಲ್ಲ ಅಳಿಸಿದ ಲೆಕ್ಕ. ಹೋಗೋ ಕಡೆ ಹೋಗುತ್ತೆ."

"ಪೆನ್ ಡ್ರೈವಿಗೆ ತುಂಬಿಟ್ಟುಕೊಂಡರೆ ಆಗಲ್ವಾ?"

"ನಕಲು ನಿಮ್ಮ ಹತ್ರ ಇರುತ್ತೆ ಮೇಡಮ್. ಅಸಲು ಹೋಗೋದು ತಪ್ಪಲ್ಲ." ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು, ಎಲ್ಲರನ್ನೂ ಕೇಳುವ ಮಾತನ್ನೇ ನನ್ನನ್ನೂ ಕೇಳಿದರು. "ಗೋಡೆ ಕೇಳಿದೀರಾ? ಕೇಳಿ ಹೇಳಿ, ಬರ್ತೀನಿ."

ಅವರು ಹೋದ ಮೇಲೆ ನಾನು ಕುರ್ಚಿಯಿಂದ ಏಳಲಿಲ್ಲ. ಯಾಕೆಂದರೆ ಆ ಡಬ್ಬಿಯಲ್ಲಿ ಹನ್ನೊಂದು ವರ್ಷದ ಜನರ ಅರ್ಜಿಗಳ ನಡುವೆ ನನ್ನದೇ ಒಂದು ಅರ್ಜಿ ಇತ್ತು. ನನ್ನ ಎಡಕ್ಕೆ ಮೂರನೇ ಮನೆ ಸಾಕಮ್ಮನದು. ಆ ಅರ್ಜಿ ಸಾಕಮ್ಮನ ಮೇಲೆ ಬರೆದದ್ದು.

ಆರು ವರ್ಷದ ಹಿಂದಿನ ಮಾತು. ಸಾಕಮ್ಮ ಆಗ ಶಾಲೆಯಲ್ಲಿ ಮಕ್ಕಳ ಊಟದ ಅಡುಗೆ ಮಾಡುತ್ತಿದ್ದಳು. ಒಂದು ದಿನ ಬೀದಿನಲ್ಲಿಯ ಹತ್ತಿರ ಕೊಡದ ಸರದಿಗೆ ನನಗೂ ಅವಳಿಗೂ ಮಾತು ಬೆಳೆಯಿತು. "ನಿಮ್ಮ ಈ ನಾಲಿಗೆ ತಡೀಲಾರ್ದೆ ಅಲ್ವಾ ನಿಮ್ಮ ಯಜಮಾನ್ರು ಊರು ಬಿಟ್ಟಿದ್ದು" ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅವಳಿಗೆ ಅದು ನೀರು ತುಂಬುವ ಹೊತ್ತಿನ ಮಾತು, ಸಂಜೆಗೆ ಮರೆತಳು. ನಾನು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಅವಳು ದಿನಾ ಸಂಜೆ ಸೆರಗಿನಡಿ ಮುಚ್ಚಳದ ಪಾತ್ರೆ ಒಯ್ಯುವುದನ್ನು ನೋಡಿದ್ದೆ. ಅದರಲ್ಲಿ ಏನಿರುತ್ತದೆಂದು ನೋಡಿರಲಿಲ್ಲ. ಮಕ್ಕಳ ಅಕ್ಕಿ ಬೇಳೆ ಎಂದು ಬರೆದೆ. ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ತಾರೀಖು ಹಾಕಿ, ಹೊತ್ತು ಹಾಕಿ, ಕಣ್ಣಾರೆ ಕಂಡಂತೆ ಬರೆದೆ, ಕೆಳಗೆ ಹೆಸರು ಹಾಕದೆ ಕಳಿಸಿದೆ. ಟೈಪ್ ಮಾಡಿದ್ದನ್ನು ಅಳಿಸಲು ಹೋದ ಬೆರಳು ಅಲ್ಲೇ ನಿಂತಿತು. ಅಳಿಸಿದರೆ ಅದು ನೇರ ಅವಳ ಗೋಡೆಗೇ. ಹಾಗಾಗಿ ಉಳಿಸಿಕೊಂಡೆ.

ಹದಿನೈದೇ ದಿನದಲ್ಲಿ ಸಾಕಮ್ಮನ ಕೆಲಸ ಹೋಯಿತು. ನನ್ನ ಕೈಯಿಂದ ಹೋದ ಅರ್ಜಿಗಳಲ್ಲಿ ಅಷ್ಟು ಬೇಗ ಫಲ ಕೊಟ್ಟದ್ದು ಅದೊಂದೇ. ಅವಳು ತೆಗೆದುಹಾಕಿದ ಆದೇಶವನ್ನು ಹಿಡಿದುಕೊಂಡು ಅಳುತ್ತ ನನ್ನ ಹತ್ತಿರವೇ ಬಂದಳು. ಆಗ ಅವಳಿಗೆ ಓದು ಬರುತ್ತಿರಲಿಲ್ಲ. "ಅಕ್ಕಾ, ಯಾವನೋ ಪುಣ್ಯಾತ್ಮ ಕಾಗ್ದ ಬರ್ದವ್ನೆ. ಪಾತ್ರೇಲಿ ಇದ್ದುದ್ದು ಅಕ್ಕಿ ತೊಳ್ದ ಕಲಗಚ್ಚು, ನಮ್ಮ ಎಮ್ಮೆಕರೀಗೆ. ನೀವೇ ಒಂದು ಅರ್ಜಿ ಮಾಡ್ಕೊಡಿ" ಎಂದಳು. ಮಾಡಿಕೊಟ್ಟೆ. ನಾನು ಬರೆದ ಸುಳ್ಳು ಹದಿನೈದು ದಿನದಲ್ಲಿ ಕೆಲಸ ಮಾಡಿತ್ತು, ನಾನು ಬರೆದ ನಿಜಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ. ಸಾಕಮ್ಮ ಛತ್ರದಲ್ಲಿ ಪಾತ್ರೆ ತೊಳೆಯಲು ಸೇರಿದಳು. ಅವಳು ಒಳಗೆ ಬಂದರೆ ಜನ ಸಾಮಾನಿನ ಕೋಣೆಗೆ ಬೀಗ ಹಾಕುತ್ತಿದ್ದರು. ಅವಳ ಅತ್ತೆ ಸಾಯುವ ಹೊತ್ತಿನಲ್ಲಿ ಇವಳ ಕೈಯ ನೀರು ಬೇಡವೆಂದು ಮುಖ ತಿರುಗಿಸಿದಳಂತೆ.

ನನ್ನ ಪಾಪ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ದಿನಾ ಮಧ್ಯಾಹ್ನ ಅವಳನ್ನು ಕರೆದು ಅಕ್ಷರ ಕಲಿಸತೊಡಗಿದೆ. ಪಾತ್ರೆ ಉಜ್ಜಿ ಒಡೆದ ಬೆರಳಿನಲ್ಲಿ ಬಳಪ ಹಿಡಿದು, ನಾಲಿಗೆ ಹೊರಗೆ ಚಾಚಿ, ಅವಳು ಎರಡು ವರ್ಷ ತಿದ್ದಿದಳು. ಒತ್ತಕ್ಷರ ಬಂದಾಗ ಬೆವರುತ್ತಿದ್ದಳು. ತಪ್ಪಿದ್ದನ್ನು ಒರೆಸುತ್ತಿರಲಿಲ್ಲ, ಗೀಟು ಹಾಕಿ ಪಕ್ಕದಲ್ಲಿ ಬರೆಯುತ್ತಿದ್ದಳು. ಅಂಗಡಿ ಬೋರ್ಡು, ಔಷಧದ ಚೀಟಿ, ಬಸ್ಸಿನ ಹಣೆಬರಹ ಎಲ್ಲ ಓದಿಕೊಂಡು ಬಂದು ನನಗೆ ಒಪ್ಪಿಸುತ್ತಿದ್ದಳು. "ಯಾಕೆ ಸಾಕಮ್ಮ ಇಷ್ಟು ಹಟ?" ಎಂದು ಒಮ್ಮೆ ಕೇಳಿದೆ. "ಆ ಕಾಗ್ದದಾಗೆ ಏನಿತ್ತು ಅಂತ ನಂಗ್ಯಾರೂ ತೋರಿಸ್ಲಿಲ್ಲ ಅಕ್ಕ. ತೋರ್ಸಿದ್ರೂ ಓದಕ್ಕೆ ಬರ್ತಿರ್ಲಿಲ್ಲ. ಎಂದಾದ್ರೂ ಸಿಕ್ರೆ ನಾನೇ ಓದ್ಬೇಕು" ಎಂದಳು. ಮಾರನೆಯ ದಿನ ಪಾಠ ನಿಲ್ಲಿಸೋಣ ಎನಿಸಿತು. ನಿಲ್ಲಿಸಲು ಕಾರಣ ಹೊಳೆಯಲಿಲ್ಲ.

ಈಗ ಡಬ್ಬಿ ಸಾಯುತ್ತಿದೆ. ಫಾರ್ಮ್ಯಾಟ್ ಮಾಡಿದರೆ ಅವಳ ಗೋಡೆಗೆ ಹೋಗುತ್ತದೆ, ಮಾಡದಿದ್ದರೂ ಅವಳ ಗೋಡೆಗೇ ಹೋಗುತ್ತದೆ. ಬೆಳಗ್ಗೆ ಅದರ ಗುಂಡಿ ಒತ್ತಲು ಹೆದರುತ್ತಿದ್ದೆ, ಸಂಜೆ ಆರಿಸಲು ಅದಕ್ಕಿಂತ ಹೆದರುತ್ತಿದ್ದೆ. ಕರೆಂಟು ಹೋದರೆ ಡಬ್ಬಿಯ ಹತ್ತಿರ ಓಡುತ್ತಿದ್ದೆ. ಸಾಕಮ್ಮ ಬೀದಿಯಲ್ಲಿ ಪಂಕಜಕ್ಕಾ ಎಂದು ಕೂಗಿದರೆ, ಬಂತು, ಗೋಡೆಗೆ ಬಂತು ಎಂದು ಕೈಯಲ್ಲಿದ್ದ ಲೋಟ ಬೀಳುತ್ತಿತ್ತು.

ಇಂಥ ಹೊತ್ತಿನಲ್ಲಿ ನನ್ನ ಪಕ್ಕದ ಮನೆಯಲ್ಲಿ ಜಗಳವಾಯಿತು. ದೇವರೇ ಮಾಡಿಸಿದ ಎಂದುಕೊಂಡೆ. ನನ್ನ ಎಡಕ್ಕೆ ಮೊದಲನೆಯದು ಅಣ್ಣತಮ್ಮಂದಿರ ಮನೆ, ಎರಡನೆಯದು ರಿಟೈರಾದ ಕಂಡಕ್ಟರ್ ಪುಟ್ಟಸ್ವಾಮಯ್ಯನವರದು, ಮೂರನೆಯದು ಸಾಕಮ್ಮನದು. ನಮ್ಮೂರಲ್ಲಿ ಮನೆಯೆಂದರೆ ಸೂರಲ್ಲ, ಬಾಗಿಲೂ ಅಲ್ಲ, ಒಲೆ. ಒಂದೇ ಸೂರಿನಡಿ ಎರಡು ಒಲೆ ಹಚ್ಚಿದರೆ ಅದು ಎರಡು ಮನೆ. ಅಣ್ಣನ ಹೆಂಡತಿ ಗೌರಮ್ಮನಿಗೂ ತಮ್ಮನ ಹೆಂಡತಿ ಪುಷ್ಪಾವತಿಗೂ ಉಪ್ಪಿನಕಾಯಿ ಜಾಡಿಯ ವಿಷಯಕ್ಕೆ ಮಾತು ಕೆಟ್ಟು, ನಡುವೆ ತಟ್ಟಿಯ ಗೋಡೆ ಎದ್ದು, ಒಲೆ ಬೇರೆಯಾಯಿತು. ನಾನು ಜಗಲಿಯಲ್ಲಿ ನಿಂತು ಬೆರಳು ಮಡಿಚಿ ಎಣಿಸಿದೆ. ಗೌರಮ್ಮ ಒಂದು, ಪುಷ್ಪಾವತಿ ಎರಡು, ಕಂಡಕ್ಟರ್ ಮೂರು. ಸಾಕಮ್ಮ ನಾಲ್ಕು. ಕಂಡಕ್ಟರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಬ್ಬರೇ ಮುದ್ದೆ ಬೇಯಿಸಿಕೊಂಡು ಇರುತ್ತಾರೆ, ಗೋಡೆಗೆ ಏನು ಬಂದರೂ ಅದೇ ದಿನ ಸುಣ್ಣ ಹೊಡೆಸಿಬಿಡುತ್ತಾರೆ. ಎಷ್ಟೋ ದಿನದ ಮೇಲೆ ನನಗೆ ಹೊಟ್ಟೆ ತುಂಬ ಊಟ ಸೇರಿತು.

ಆದರೆ ಹೆಂಗಸರ ಜಗಳ ಎಷ್ಟು ದಿನ? ಅದು ತಣ್ಣಗಾಗದಂತೆ ನೋಡಿಕೊಳ್ಳುವ ಕೆಲಸವನ್ನೂ ನಾನೇ ಮಾಡಿದೆ, ಮುಚ್ಚಿಡುವುದಿಲ್ಲ. ಗೌರಮ್ಮ ಬಂದು ಪುಷ್ಪಾವತಿಯನ್ನು ದೂರಿದರೆ, "ನೀವು ಹಿರಿಯರು, ನೀವ್ಯಾಕೆ ಬಗ್ತೀರಿ?" ಎನ್ನುತ್ತಿದ್ದೆ. ಪುಷ್ಪಾವತಿ ಬಂದರೆ, "ಪಾಪ, ಚಿಕ್ಕವಳು ಅಂತ ಎಲ್ಲ ನಿನ್ನ ತಲೆ ಮೇಲೇ ಹೇರ್ತಾರೆ" ಎನ್ನುತ್ತಿದ್ದೆ. ಇಬ್ಬರೂ ನನ್ನ ಕಾಫಿ ಕುಡಿದು, ಕಣ್ಣೊರೆಸಿಕೊಂಡು, ಮತ್ತಷ್ಟು ಬಿಗಿದುಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಇಮ್ತಿಯಾಜ್ ಸಾಹೇಬರು ಮಂಗಳವಾರ ಬರುತ್ತೇನೆಂದರು. ಎಲೆ ಅಡಿಕೆ, ಸುಣ್ಣದ ಪೊಟ್ಟಣ ಹಿಡಿದು ಕಂಡಕ್ಟರ್ ಮನೆಗೆ ಹೋಗಿ ಗೋಡೆ ಕೇಳಿದೆ. "ಬರಲಿ ಬರಲಿ, ರೈಟ್" ಎಂದರು ಅವರು.

ಹೊರಗೆ ಬಂದರೆ ಸಾಕಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯ ಬರಿದಾದ ತಟ್ಟೆ ನೋಡಿದಳು.

"ಏನಕ್ಕ, ಗೋಡೆ ಕೇಳಕ್ಕೆ ಬಂದ್ರಾ? ನಿಮ್ಗೆ ಮೂರ್ನೇದು ನಂದಲ್ವಾ?"

"ಈಗ ಅಲ್ಲ ಸಾಕಮ್ಮ. ಪಕ್ಕದಲ್ಲಿ ಒಲೆ ಎರಡಾಯ್ತಲ್ಲ, ನೀನು ನಾಲ್ಕನೆಯವಳಾದೆ."

ಅವಳ ಮುಖ ಸಪ್ಪಗಾಯಿತು. "ಅಯ್ಯೋ, ಈಗ ಓದಕ್ಕೆ ಬರುತ್ತೆ, ಈಗ ನನ್ನ ಗೋಡೆ ತಪ್ತು ನೋಡಿ. ನೀವು ಬರ್ದಿರೋದು ಓದ್ಬೇಕು ಅಂತ ನಂಗೆ ಭಾಳ ಆಸೆ ಇತ್ತು."

ನಾನು ಏನೋ ಒಂದು ನಕ್ಕೆ. ತಿರುಗಿ ನೋಡದೆ ಮನೆ ಸೇರಿದೆ.

ಮಂಗಳವಾರ ಬೆಳಗ್ಗೆಯೇ ನಾನು ಕಿವಿ ನಿಗುರಿಸಿ ಹಿತ್ತಲಿನಲ್ಲಿ ನಿಂತೆ. ಲೆಕ್ಕಕ್ಕೆ ಬರುವುದು ಆ ದಿನ ಹಚ್ಚಿದ ಒಲೆ ಮಾತ್ರ. ಒಲೆ ಹೊಗೆ ಬಿಡುವ ಕಾಲ ಮುಗಿದು ಎಲ್ಲರ ಮನೆಗೂ ಗ್ಯಾಸ್ ಬಂದಮೇಲೆ ನಮ್ಮೂರವರು ಒಲೆ ಎಣಿಸುವುದು ಕುಕ್ಕರಿನ ಸೀಟಿಯಲ್ಲಿ. ಗೌರಮ್ಮನ ಕುಕ್ಕರಿನದು ದಪ್ಪ ಸೀಟಿ, ಪುಷ್ಪಾವತಿಯದು ಸಣ್ಣಗೆ ಕೀರಲು. ಎಂಟೂಕಾಲಿಗೆ ದಪ್ಪ ಸೀಟಿ ಬಂತು. ಎಂಟೂವರೆಗೆ ಕೀರಲು ಸೀಟಿಯೂ ಬಂತು, ಒಂದಲ್ಲ, ಮೂರು ಸಲ. ಕಂಡಕ್ಟರ್ ಮನೆಯಿಂದ ಮುದ್ದೆ ತಿರುವುವ ಕೋಲಿನ ಸದ್ದು ಆಗಲೇ ಕೇಳಿತ್ತು. ಮೂರೂ ಒಲೆ ಸರಿ. ದೇವರಿಗೆ ಕೈ ಮುಗಿದೆ, ಎರಡು ಊದಿನಕಡ್ಡಿ ಜಾಸ್ತಿಯೇ ಹಚ್ಚಿದೆ.

ಹತ್ತಕ್ಕೆ ಇಮ್ತಿಯಾಜ್ ಸಾಹೇಬರು ಬಂದರು. ಬೇಕಾದ ಅರ್ಜಿಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಂಡರು. ತುಂಬುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಪರದೆಯ ಮೇಲೆ ಏನೋ ಒಂದು ಪ್ರಶ್ನೆ ಬಂತು. "ಎಲ್ಲ ಹೋಗುತ್ತೆ, ಖಂಡಿತಾನಾ ಅಂತ ಕೇಳ್ತಾ ಇದೆ. ಒತ್ತಲಾ?" ಎಂದರು. ನಾನು ಒತ್ತಿ ಎಂದೆ. ಉದ್ದನೆಯ ಖಾಲಿ ಪಟ್ಟಿಯೊಂದು ಎಡದಿಂದ ಹಸಿರಾಗುತ್ತ ಬಂತು. ಆರು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಇಷ್ಟಿಷ್ಟೇ ಇಳಿಯುತ್ತಿದೆ ಎನಿಸಿ, ಸಾಹೇಬರಿಗೆ ಕಾಫಿ ಮಾಡಲು ಹಾಲು ಸಾಲದೆ, ಪುಷ್ಪಾವತಿಯ ಮನೆಗೆ ಒಂದು ಲೋಟ ಹಾಲು ಕೇಳಲು ಹೋದೆ.

ಅವಳ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ. ಮುಟ್ಟಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ತಟ್ಟಿಯ ಗೋಡೆಯ ಆಚೆಯಿಂದ ಇಬ್ಬರು ಹೆಂಗಸರು ನಗುವುದು ಕೇಳಿಸಿತು. ಸುತ್ತಿಕೊಂಡು ಗೌರಮ್ಮನ ಬಾಗಿಲಿಗೆ ಹೋದರೆ, ಇಬ್ಬರೂ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗೌರಮ್ಮನ ಒಲೆಯ ಒಂದು ಬರ್ನರಿನ ಮೇಲೆ ದೊಡ್ಡ ಕುಕ್ಕರು, ಇನ್ನೊಂದರ ಮೇಲೆ ಪುಷ್ಪಾವತಿಯ ಸಣ್ಣ ಕುಕ್ಕರು.

"ಬನ್ನಿ ಪಂಕಜಕ್ಕ" ಎಂದಳು ಗೌರಮ್ಮ. "ನಿನ್ನೆ ಇವಳ ಸಿಲಿಂಡರ್ ಖಾಲಿಯಾಯ್ತಂತೆ. ಹೇಳದೆ ಮಕ್ಕಳಿಗೆ ಬ್ರೆಡ್ಡು ತಿನ್ನಿಸಿದಾಳೆ, ನೋಡಿ ಈ ಹುಡುಗೀನ! ನನಗೆ ಕರುಳು ಕಿವುಚಿದ ಹಾಗಾಯ್ತು. ಕುಕ್ಕರ್ ಎತ್ಕೊಂಡು ಬಾರೇ ಅಂದೆ."

"ನಮ್ಮಕ್ಕ ಅಲ್ವಾ" ಎಂದು ಪುಷ್ಪಾವತಿ ಅವಳ ಭುಜಕ್ಕೆ ತಲೆ ಒರಗಿಸಿದಳು.

ಇಬ್ಬರು ಹೆಂಗಸರು ಒಂದಾದದ್ದನ್ನು ಕಂಡು ಅಷ್ಟು ಹೆದರಿದವಳು ಊರಿನಲ್ಲಿ ನಾನೊಬ್ಬಳೇ ಇರಬೇಕು. ಒಂದೇ ಒಲೆ. ಒಂದೇ ಮನೆ. ಕಂಡಕ್ಟರ್ ಎರಡು. ನಾನು ಲೋಟ ಅಲ್ಲೇ ಬಿಟ್ಟು ಓಡಿದೆ.

"ನಿಲ್ಲಿಸಿ! ಸಾಹೇಬ್ರೇ, ನಿಲ್ಲಿಸಿ!"

"ನಲವತ್ತು ಪರ್ಸೆಂಟ್ ದಾಟಿದೆ ಮೇಡಮ್. ಹೋಗಿದ್ದು ಹೋಯ್ತು. ಈಗ ನಿಲ್ಲಿಸಿದ್ರೆ ಡಿಸ್ಕ್ ಪೂರ್ತಿ ಕೆಟ್ಟು ಉಳಿದಿದ್ದೂ ಹೋಗುತ್ತೆ. ಯಾಕೆ, ಏನಾಯ್ತು?"

ಏನಾಯಿತೆಂದು ಹೇಳಲಿ? ಕುರ್ಚಿಯಲ್ಲಿ ಕುಸಿದೆ. ಹಸಿರು ಪಟ್ಟಿ ಬೆಳೆಯುತ್ತಲೇ ಇತ್ತು. ಒಂದು ವರ್ಷದಿಂದ ತೆವಳುತ್ತಿದ್ದ ಯಂತ್ರಕ್ಕೆ ಆವತ್ತೇ ಎಲ್ಲಿಂದ ಬಂತೋ ಆ ವೇಗ.

ಎರಡು ಗಂಟೆಗೆ ಸಾಕಮ್ಮ ಏದುಸಿರು ಬಿಡುತ್ತ ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಮುಖವೆಲ್ಲ ಬೆಳಗುತ್ತಿತ್ತು. "ಅಕ್ಕಾ! ನನ್ನ ಗೋಡೆಗೇ ಬಂದೈತೆ! ನಾಲ್ಕ್ನೇದು ಅಂದ್ರಲ್ಲ ನೀವು! ದೀಪದ ಗೂಡಿನ ಪಕ್ಕದಿಂದ ಶುರುವಾಗಿ ಸಾಲು ಸಾಲು ಬರ್ತಾನೇ ಐತೆ. ಬನ್ನಿ, ಬನ್ನಿ, ನಾನು ಓದ್ತೀನಿ, ನೀವು ಕೇಳ್ಬೇಕು" ಎಂದು ಕೈ ಹಿಡಿದು ಎಳೆದಳು. ತಲೆನೋವು ಎನ್ನಬಹುದಿತ್ತು. ಆದರೆ ನಾನು ಇಲ್ಲದಿದ್ದಾಗ ಅವಳು ಅದನ್ನು ಒಬ್ಬಳೇ ಓದುವುದನ್ನು ನೆನೆದುಕೊಳ್ಳಲಾಗಲಿಲ್ಲ. ಅವಳ ಹಿಂದೆ ಹೋದೆ.

ಅವಳ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮೂರು ಕಡೆಯ ಗೋಡೆಯ ಮೇಲೂ ಹಸಿ ಅಕ್ಷರಗಳು ಒಣಗುತ್ತಿದ್ದವು. ಬರೆದ ವರ್ಷದ ಕ್ರಮದಲ್ಲೇ ಬರುತ್ತಿದ್ದವು. ಸಾಕಮ್ಮ ಬೆರಳಿಟ್ಟು ಓದತೊಡಗಿದಳು. ಬೀದಿದೀಪ ಇಲ್ಲದೆ ಮುದುಕಿಯೊಬ್ಬಳು ಚರಂಡಿಗೆ ಬಿದ್ದದ್ದು, ರೇಷನ್ ಕಾರ್ಡಿನಲ್ಲಿ ಗಂಡನ ವಯಸ್ಸು ಮಗನಿಗಿಂತ ಕಡಿಮೆಯಾದದ್ದು, ತೆಂಗಿನಮರ ಬಾಗಿದ್ದು. ಒಂದೊಂದು ಮುಗಿದಾಗಲೂ ತಿರುಗಿ, "ಸರಿಯಾಗಿ ಓದಿದ್ನಾ?" ಎನ್ನುತ್ತಿದ್ದಳು. "ಎಷ್ಟು ಚೆಂದ ಬರ್ದಿದೀರಿ ಅಕ್ಕ. ಪಾಪ, ಎಷ್ಟು ಜನದ ಕಷ್ಟ" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತ ಸಾಲುಗಳ ತಾರೀಖು ನೋಡುತ್ತಿದ್ದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ, ಸೊಂಟದ ಎತ್ತರಕ್ಕೆ, ಆರು ವರ್ಷದ ಹಿಂದಿನ ಆ ತಿಂಗಳು ತೇವ ತೇವವಾಗಿ ಮೂಡುತ್ತಿರುವುದು ಕಂಡಿತು. ನಾನು ನಿಧಾನವಾಗಿ ಹೋಗಿ ಆ ಮೂಲೆಗೆ ಬೆನ್ನು ಕೊಟ್ಟು ಕೂತುಬಿಟ್ಟೆ.

ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಸೀರೆಗೆ ಹತ್ತಿ ಅಕ್ಷರ ಕೆಟ್ಟರೂ ಕೆಡಬಹುದು ಎಂಬ ಹುಚ್ಚು ಆಸೆ. ಅವಳು ಓದುತ್ತ ಓದುತ್ತ ನನ್ನ ಕಡೆಗೆ ಬರುತ್ತಿದ್ದಳು. ನಾಲ್ಕು ಅರ್ಜಿ ಉಳಿದವು, ಮೂರು ಉಳಿದವು. ಕೊನೆಗೆ ಅವಳ ಬೆರಳು ನನ್ನ ಹೆಗಲ ಹತ್ತಿರ ಬಂದು ನಿಂತಿತು.

"ಅಕ್ಕಾ, ಸ್ವಲ್ಪ ಜರುಗಿ."

ಜರುಗದೆ ಎಷ್ಟು ಹೊತ್ತು ಕೂರಬಹುದು? ಆ ದಿನವಿಡೀ ಕೂತಿರಬಹುದಿತ್ತು, ಕಾಲು ಹಿಡಿದುಕೊಂಡಿದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಎಣ್ಣೆ ಕಾಯಿಸಿ ತಂದು ತಿಕ್ಕುತ್ತಿದ್ದಳು. ಅದು ನೆನಪಾದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಆಚೆಗೆ ಸರಿದೆ.

ಸಾಕಮ್ಮ ಬಗ್ಗಿ, ಅಕ್ಷರ ಅಕ್ಷರ ಕೂಡಿಸಿದಳು. "ಮಾ, ನ್ಯ, ರೇ. ಮಾನ್ಯರೇ. ನಮ್ಮ ಶಾ, ಲೆ, ಯ, ಅಡುಗೆ, ಯವಳಾದ ಸಾ, ಕ..." ತಿರುಗಿ ನನ್ನನ್ನು ನೋಡಿ ನಕ್ಕಳು. "ನನ್ನ ಹೆಸ್ರು ಐತೆ ಅಕ್ಕ! ನನ್ನ ಅರ್ಜಿ ಇದು, ನೀವು ಮಾಡ್ಕೊಟ್ಟಿದ್ರಲ್ಲ." ಮತ್ತೆ ಗೋಡೆಗೆ ತಿರುಗಿದಳು. ಅದು ಬೇರೆ ಅರ್ಜಿ. ಅವಳು ಓದುತ್ತ ಹೋದಳು. ದಿನಾ ಸಂಜೆ. ಸೆರಗಿನ ಅಡಿಯಲ್ಲಿ. ಮಕ್ಕಳ ಬಾಯಿಯ ಅನ್ನ. ಕಣ್ಣಾರೆ ಕಂಡಿರುತ್ತೇನೆ. ಒಂದೊಂದು ಸಾಲಿಗೂ ಅವಳ ದನಿ ಸಣ್ಣದಾಗುತ್ತ ಬಂತು. 'ಕ್ರಮ ಕೈಗೊಳ್ಳಬೇಕಾಗಿ' ಎಂಬಲ್ಲಿ ಒಂದು ಕ್ಷಣ ತಡೆದಳು, ನಾನು ಹೇಳಿಕೊಡಲಿಲ್ಲ, ಅವಳೇ ಕೂಡಿಸಿಕೊಂಡಳು. ಕೊನೆಯ ಸಾಲಿನ ಕೆಳಗೆ ಬೆರಳನ್ನು ಅತ್ತಿತ್ತ ಆಡಿಸಿ ಹುಡುಕಿದಳು.

"ಇದ್ರಾಗೆ ಬರ್ದೋರ ಹೆಸ್ರಿಲ್ಲ ಅಕ್ಕ" ಎಂದಳು. ನನ್ನ ಕಡೆ ತಿರುಗಲಿಲ್ಲ. "ನಿಮ್ಮ ಹತ್ರ ಬಂದು ಟೈಪ್ ಮಾಡಿಸ್ಕೊಂಡು ಹೋಗವ್ರೆ. ಯಾರು ಅಂತ ನಿಮಗೆ ಜ್ಞಾಪಕ ಇರ್ಬೇಕಲ್ಲ?"

ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ದಿನಕ್ಕೆ ಹತ್ತು ಜನ ಬರುತ್ತಾರೆ, ಯಾರೋ ಏನೋ ಎಂದರೆ ಮುಗಿಯುತ್ತಿತ್ತು. ಸತ್ತವರ ಹೆಸರು ಹೇಳಿದರೂ ಆಗುತ್ತಿತ್ತು, ನಂಬಲು ಅವಳು ಕಾದು ನಿಂತಿದ್ದಳು. ಆರು ವರ್ಷ ಈ ಒಂದು ಗಳಿಗೆಗೆ ಹೆದರಿ ಸತ್ತಿದ್ದೆ. ಅದು ಎದುರಿಗೆ ಬಂದು ನಿಂತಾಗ ಹೆದರಿಕೆ ಕಡಿಮೆಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

"ಯಾರೂ ಬರೆಸಿದ್ದಲ್ಲ ಸಾಕಮ್ಮ" ಎಂದೆ. "ನಾನೇ ಬರೆದದ್ದು. ಸುಳ್ಳು ಅದು."

ಅವಳು ಕೂಗುತ್ತಾಳೆ, ಸೌಟು ಬೀಸುತ್ತಾಳೆ, ಬೀದಿಯವರನ್ನೆಲ್ಲ ಕರೆಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಅವಳು ಮೊದಲನೇ ಸಾಲಿಗೆ ಬೆರಳಿಟ್ಟು ಮತ್ತೆ ತುಟಿ ಅಲ್ಲಾಡಿಸುತ್ತಿದ್ದಳು. ಪಾಠ ಬಾರದಿದ್ದಾಗ ಮಾಡುತ್ತಿದ್ದಂತೆ ತಲೆ ಅಡ್ಡಡ್ಡ ಆಡಿಸಿದಳು. ಹಣೆಯ ಮೇಲೆ ಬೆವರು ಮೂಡಿತ್ತು.

"ಇಲ್ಲ ಅಕ್ಕ" ಎಂದಳು. "ನಾನು ಎಲ್ಲೋ ತಪ್ಪು ಓದಿದೀನಿ. ಒಂದ್ಸಲ ನೀವು ಓದಿ ಹೇಳಿ."

ನಾನು ಗೋಡೆಯ ಹತ್ತಿರ ಹೋಗಿ ನಿಂತು, ಮಾನ್ಯರೇ ಎಂಬಲ್ಲಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಅವಳು ಒಂದಕ್ಷರವನ್ನೂ ತಪ್ಪು ಓದಿರಲಿಲ್ಲ.